ಆಪರೇಷನ್ ಆದ ಮೇಲೂ ನಾಯಿ ಯಾಕೆ ಕುಂಟುತ್ತದೆ?

ನಮ್ಮ ಮೈಸೂರಿನ ಮನೆಯದು ರೆಡ್ ಆಕ್ಸೈಡ್ ನೆಲ, ತಾತನ ಕಾಲದ್ದು. ಅದರ ಮೇಲೆ ಬೆಲ್ಲ ಓಡಾಡಿದರೆ ಉಗುರಿನ ಸದ್ದು ಇಡೀ ಮನೆಗೆ ಕೇಳುತ್ತಿತ್ತು. ಟಕ್, ಟಕ್, ಟಕ್, ಟಕ್. ನಾಲ್ಕೂ ಒಂದೇ ತೂಕದ ಸದ್ದು. ಬೆಲ್ಲ ಅಂದರೆ ನಮ್ಮ ಲ್ಯಾಬ್ರಡಾರ್. ಅಚ್ಚು ಬೆಲ್ಲದ ಬಣ್ಣ ಅಂತ ಆ ಹೆಸರು.

ಅವನಿಗೆ ಎಂಟು ತಿಂಗಳಾಗಿದ್ದಾಗ ಒಂದು ಬೆಳಿಗ್ಗೆ ಆ ತಾಳ ತಪ್ಪಿತು. ಮೂರು ಟಕ್, ಒಂದು ಮೆಲ್ಲನೆಯ ಟಪ್. ಒಲೆ ಮುಂದಿದ್ದ ಅಮ್ಮ ತಿರುಗಿಯೂ ನೋಡದೆ, "ಇವನ್ಯಾಕೋ ಒಂದು ಕಾಲು ಕದ್ದು ಇಡ್ತಿದ್ದಾನೆ ಕಣೆ" ಅಂದರು. ಹೋಗಿ ನೋಡಿದರೆ ಎಡ ಮುಂಗಾಲು. ಮುಟ್ಟಿದರೆ ಕೂಗಲಿಲ್ಲ, ಊತವೂ ಇರಲಿಲ್ಲ. ಹತ್ತು ಹೆಜ್ಜೆ ನಡೆದ ಮೇಲೆ ಸರಿಯಾಯಿತು. ಮತ್ತೆ ಮಲಗಿ ಎದ್ದಾಗ ಮತ್ತೆ ಟಪ್.

ತೊಂದರೆ ಇದ್ದದ್ದು ಆ ಕಾಲಿನ ಮೊಣಕೈಯಲ್ಲಿ. ಮೂರು ತಿಂಗಳಾದ ಮೇಲೆ ಅದಕ್ಕೆ ಆಪರೇಷನ್ ಮಾಡಿಸಿದೆವು. ಎರಡನೇ ವಾರ ಹೊಲಿಗೆ ಬಿಚ್ಚಿದರು. ನಾಲ್ಕನೇ ವಾರ ಅವನು ಆಪರೇಷನ್‌ಗೆ ಮೊದಲಿಗಿಂತಲೂ ಜಾಸ್ತಿ ಕುಂಟುತ್ತಿದ್ದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸುಮ್ನೆ ಚೆನ್ನಾಗಿದ್ದ ಮಗುವನ್ನು ಕೊಯ್ಯಿಸಿಬಿಟ್ಟೆವಾ ಅಂತ ಒಂದೇ ಯೋಚನೆ. ಇದೇ ಯೋಚನೆಯಲ್ಲಿ ರಾತ್ರಿ ಕಳೆದ ಬೇರೆಯವರನ್ನು ಆಮೇಲೆ ಎಷ್ಟೋ ಜನರನ್ನು ಕಂಡಿದ್ದೇನೆ. ಆ ನಾಲ್ಕನೇ ವಾರದಲ್ಲಿ ನನಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೊಣಕೈ ಎಲ್ಲಿದೆ ಅಂತ ನೋಡೋಣ. ನಾಯಿಯ ಮುಂಗಾಲಿನ ಮಧ್ಯದಲ್ಲಿ ಒಂದು ಗಂಟು ಕಾಣುತ್ತದಲ್ಲ, ನಾವು ಅದನ್ನೇ ಮಂಡಿ ಅನ್ನುತ್ತೇವೆ. ಅದು ನಿಜವಾಗಿ ಮಣಿಕಟ್ಟು. ಮೊಣಕೈ ಇನ್ನೂ ಮೇಲಿದೆ, ಎದೆಗೂಡಿಗೆ ಒತ್ತಿಕೊಂಡು. ಗಟ್ಟಿ ನೆಲದ ಮೇಲೆ ಮಲಗಿ ಮಲಗಿ ಕೂದಲು ಉದುರಿ ಜಡ್ಡುಗಟ್ಟುವ ಜಾಗ ಅದೇ.

ಅಲ್ಲಿ ಮೂರು ಎಲುಬು ಕೂಡುತ್ತವೆ. ಮೇಲಿನಿಂದ ತೋಳಿನ ಎಲುಬು ಬರುತ್ತದೆ. ಕೆಳಗಿನಿಂದ ರೇಡಿಯಸ್, ಅಲ್ನಾ ಎಂಬ ಎರಡು ಎಲುಬುಗಳು ಜೊತೆಯಾಗಿ ಅದನ್ನು ಹೊತ್ತುಕೊಳ್ಳುತ್ತವೆ. ನಮಗೆ ಮೊಣಕೈ ಅಂದರೆ ತುತ್ತು ಎತ್ತುವುದಕ್ಕೆ, ಬಕೆಟ್ ಹಿಡಿಯುವುದಕ್ಕೆ. ನಾಯಿಗೆ ಅದು ಮನೆಯ ಕಂಬ ಇದ್ದ ಹಾಗೆ. ನಿಂತ ನಾಯಿಯ ತೂಕದಲ್ಲಿ ಸುಮಾರು 60% ಮುಂಗಾಲುಗಳ ಮೇಲೆ, 40% ಹಿಂಗಾಲುಗಳ ಮೇಲೆ ಇರುತ್ತದೆ. 30 ಕಿಲೋ ನಾಯಿ ಸುಮ್ಮನೆ ನಿಂತರೂ ಒಂದೊಂದು ಮೊಣಕೈ ಮೇಲೆ 9 ಕಿಲೋ. ಓಡಿದರೆ, ಸೋಫಾದಿಂದ ಧುಮುಕಿದರೆ, ಆ ಭಾರ ಎಷ್ಟೋ ಪಟ್ಟು.

ಅಲ್ನಾ ಎಲುಬಿನ ಒಳಬದಿಯಲ್ಲಿ ಪುಟ್ಟ ಮೂಗಿನ ಹಾಗೆ ಚಾಚಿಕೊಂಡ ಒಂದು ತುದಿ ಇದೆ. ಅದರ ಹೆಸರು ಕೊರೊನಾಯ್ಡ್. ರೇಡಿಯಸ್, ಅಲ್ನಾ ಎರಡೂ ಸಮವಾಗಿ ಬೆಳೆದರೆ ಭಾರ ಹಂಚಿಹೋಗುತ್ತದೆ. ಬೆಳೆಯುವ ಮರಿಯಲ್ಲಿ ರೇಡಿಯಸ್ ಒಂದು ಚೂರು ಗಿಡ್ಡವಾಯಿತು ಅಂದುಕೊಳ್ಳಿ. ಒಂದೆರಡು ಮಿಲಿಮೀಟರ್ ಸಾಕು. ಆಗ ಭಾರವೆಲ್ಲ ಆ ಪುಟ್ಟ ತುದಿಯ ಮೇಲೆ ಬೀಳುತ್ತದೆ. ಕಾಲು ತಿರುಗಿಸುವ ಸ್ನಾಯುಗಳೂ ಅದನ್ನು ಎಳೆಯುತ್ತವೆ. ದಿನಕ್ಕೆ ಸಾವಿರಾರು ಹೆಜ್ಜೆ. ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ, ಬಿರುಕು ಕೂಡುವ ಮೊದಲೇ ಇನ್ನೊಂದು ಬಿರುಕು. ಕೊನೆಗೆ ಒಂದು ಚಕ್ಕೆ ಎದ್ದುಬಿಡುತ್ತದೆ. ಬೆಲ್ಲನ ಆಪರೇಷನ್ ಆದ ಮೇಲೆ ಡಾಕ್ಟರು ಒಂದು ಸಣ್ಣ ಬಾಟಲಿಯಲ್ಲಿ ಆ ಚಕ್ಕೆ ತೋರಿಸಿದರು. ಬೆಳ್ಳಗೆ, ಒಡೆದ ಕಡಲೆಬೇಳೆಯ ಹಾಗಿತ್ತು. 28 ಕಿಲೋ ನಾಯಿಯನ್ನು ಕುಂಟಿಸಿದ್ದು ಇಷ್ಟೇನಾ ಅನ್ನಿಸಿತು. ಚಪ್ಪಲಿಯೊಳಗೆ ಒಂದು ಕಲ್ಲು ಸೇರಿಕೊಂಡರೆ ನಾವು ಎಷ್ಟು ದೂರ ನಡೆಯುತ್ತೇವೆ?

ಮೊಣಕೈಯ ಈ ಬೆಳವಣಿಗೆ ದೋಷಗಳಿಗೆಲ್ಲ ಸೇರಿ ಎಲ್ಬೋ ಡಿಸ್‌ಪ್ಲೇಸಿಯಾ ಅನ್ನುತ್ತಾರೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ರಾಟ್‌ವೀಲರ್, ಬರ್ನೀಸ್ ಮೌಂಟನ್ ಡಾಗ್‌ಗಳಲ್ಲಿ ಜಾಸ್ತಿ ಕಾಣುವುದು ಕೊರೊನಾಯ್ಡ್ ಚಕ್ಕೆ. ಜರ್ಮನ್ ಶೆಫರ್ಡ್‌ನಲ್ಲಿ ಬೇರೆ ತೊಂದರೆ: ಮೊಣಕೈ ಹಿಂಬದಿಯ ಆಂಕೋನಿಯಲ್ ಎಂಬ ತುಂಡು ಐದು ತಿಂಗಳ ಹೊತ್ತಿಗೆ ಅಲ್ನಾಕ್ಕೆ ಬೆಸೆದುಕೊಳ್ಳಬೇಕು, ಬೆಸೆಯದೆ ಸಡಿಲವಾಗಿ ಉಳಿಯುತ್ತದೆ. ಇವೆಲ್ಲ ಸಾಮಾನ್ಯವಾಗಿ ನಾಲ್ಕರಿಂದ ಹತ್ತು ತಿಂಗಳ ವಯಸ್ಸಿನಲ್ಲಿ ತೋರಿಕೊಳ್ಳುತ್ತವೆ. ಗಂಡುಮರಿಗಳಲ್ಲಿ ಜಾಸ್ತಿ.

ನಾವು ಮೊದಲು ತೋರಿಸಿದ ಒಂದು ಕಡೆ ಎಕ್ಸ್-ರೇ ತೆಗೆದು, "ಏನೂ ಇಲ್ಲ, ಉಳುಕಿದೆ ಅಷ್ಟೆ" ಅಂದರು. ಒಂದು ಕ್ಯಾಲ್ಸಿಯಂ ಸಿರಪ್ ಬರೆದುಕೊಟ್ಟರು. ಎರಡು ತಿಂಗಳು ಹಾಗೇ ಹೋಯಿತು. ಕೊರೊನಾಯ್ಡ್ ಚಕ್ಕೆ ಎಕ್ಸ್-ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ರೇಡಿಯಸ್‌ನ ನೆರಳು ಅದರ ಮೇಲೆ ಬೀಳುತ್ತದೆ. ಸಿಟಿ ಸ್ಕ್ಯಾನ್‌ನಲ್ಲಿ ಎಲುಬು ಚೆನ್ನಾಗಿ ಕಾಣುತ್ತದೆ. ಎಲುಬಿನ ಮೇಲಿನ ನುಣುಪು ಪದರ, ಅಂದರೆ ಕಾರ್ಟಿಲೇಜ್, ಹೇಗಿದೆ ಅಂತ ನೋಡಬೇಕಾದರೆ ಕೀಲಿನೊಳಗೆ ಸಣ್ಣ ಕ್ಯಾಮೆರಾ ಇಳಿಸಬೇಕು. ಅದು ಆರ್ತ್ರೋಸ್ಕೋಪಿ. ದೊಡ್ಡ ಜಾತಿಯ ಮರಿ ಎರಡು ವಾರ ಕಳೆದರೂ ಕುಂಟುತ್ತಿದ್ದು, ಎಕ್ಸ್-ರೇ ನಾರ್ಮಲ್ ಅಂತ ಬಂದರೆ, ಅಲ್ಲಿಗೆ ಬಿಡಬೇಡಿ. ಇದನ್ನು ಕಳಕಳಿಯಿಂದ ಹೇಳುತ್ತಿದ್ದೇನೆ. ಆ ಎರಡು ತಿಂಗಳಲ್ಲಿ ಚಕ್ಕೆ ಎದುರುಬದಿಯ ಕಾರ್ಟಿಲೇಜನ್ನು ಮರಳು ಕಾಗದದ ಹಾಗೆ ಉಜ್ಜುತ್ತಲೇ ಇತ್ತು.

ಕುಂಟುವುದನ್ನು ಓದುವುದೂ ಒಂದು ವಿದ್ಯೆ. ಮುಂಗಾಲು ನೋಯುವ ನಾಯಿ, ಆ ಕಾಲು ನೆಲಕ್ಕೆ ತಾಗಿದಾಗ ತಲೆಯನ್ನು ಮೇಲೆತ್ತುತ್ತದೆ. ಒಳ್ಳೆಯ ಕಾಲು ಊರಿದಾಗ ತಲೆ ಕೆಳಗಿಳಿಯುತ್ತದೆ. ನೋಡುವವರಿಗೆ ತಲೆ ಇಳಿದ ಕಡೆಯ ಕಾಲೇ ನೋಯುತ್ತಿದೆ ಅನ್ನಿಸುತ್ತದೆ. ಅದು ತಪ್ಪು. ತಲೆ ಭಾರದ್ದು, ಅದನ್ನು ಮೇಲಕ್ಕೆಸೆದು ನೋಯುವ ಕಾಲಿನ ಭಾರ ಕ್ಷಣಕಾಲ ಕಡಿಮೆ ಮಾಡಿಕೊಳ್ಳುವ ಉಪಾಯ ಅದು. ಯಾರೂ ಕಲಿಸದೆ ಎಲ್ಲ ನಾಯಿಗಳಿಗೂ ಬರುತ್ತದೆ.

ಎರಡೂ ಮೊಣಕೈ ಕೆಟ್ಟಿದ್ದರೆ ಈ ತಲೆಯಾಟವೇ ಇರುವುದಿಲ್ಲ. ಯಾವ ಕಾಲನ್ನು ಉಳಿಸಬೇಕು ಹೇಳಿ? ಆಗ ಹೆಜ್ಜೆ ಚಿಕ್ಕದಾಗುತ್ತದೆ. ಮೊಣಕೈ ಎದೆಗೆ ಒತ್ತಿ, ಪಾದ ಹೊರಗೆ ತಿರುಗುತ್ತದೆ. ನಾಯಿ ಎರಡು ಹೆಜ್ಜೆಗೊಮ್ಮೆ ಕೂರುತ್ತದೆ. ಮನೆಯವರು "ನಮ್ಮದು ತುಂಬಾ ಸಾಧು, ಓಡೋದೇ ಇಲ್ಲ" ಅನ್ನುತ್ತಾರೆ. ಒಂದು ವರ್ಷದ ಲ್ಯಾಬ್ರಡಾರ್ ಓಡುವುದೇ ಇಲ್ಲ ಅಂದರೆ ನನಗೆ ಈಗ ಮೊದಲು ಹೊಳೆಯುವುದು ಮೊಣಕೈ. ಉಗುರನ್ನೂ ನೋಡಿ. ಭಾರ ಬೀಳದ ಕಾಲಿನ ಉಗುರು ಸವೆಯುವುದಿಲ್ಲ, ಉಳಿದ ಮೂರಕ್ಕಿಂತ ಉದ್ದ ಬೆಳೆದಿರುತ್ತದೆ.

ಇನ್ನು ಆಪರೇಷನ್. ಬೆಲ್ಲನಿಗೆ ಆದದ್ದು ಆರ್ತ್ರೋಸ್ಕೋಪಿ. ಎರಡು ಮೂರು ಸಣ್ಣ ತೂತು, ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಇಕ್ಕಳ. ಚಕ್ಕೆ ತೆಗೆದು, ಕೊಳೆತ ಅಂಚನ್ನು ಕೆರೆದು, ಒಳಗೆಲ್ಲ ತೊಳೆದು ಮುಚ್ಚಿದರು. ಕೆಲವು ನಾಯಿಗಳಿಗೆ ಕೊರೊನಾಯ್ಡ್ ತುದಿಯ ದೊಡ್ಡ ಭಾಗವನ್ನೇ ಕತ್ತರಿಸಿ ತೆಗೆಯುತ್ತಾರೆ. ಎಲುಬುಗಳ ಅಳತೆ ತುಂಬಾ ಹೆಚ್ಚುಕಮ್ಮಿ ಇದ್ದರೆ ಅಲ್ನಾವನ್ನು ಅಡ್ಡ ಕೊಯ್ದು ಅದು ಸರಿಯಾದ ಜಾಗಕ್ಕೆ ಜರುಗುವ ಹಾಗೆ ಬಿಡುತ್ತಾರೆ. ಒಳಬದಿ ಪೂರಾ ಸವೆದಿದ್ದರೆ ಎಲುಬು ಕತ್ತರಿಸಿ ಪ್ಲೇಟ್ ಹಾಕಿ ಭಾರವನ್ನು ಹೊರಬದಿಗೆ ದಾಟಿಸುತ್ತಾರೆ. ಕೃತಕ ಮೊಣಕೈಯೂ ಬಂದಿದೆ. ಸೊಂಟದ ಕೀಲಿನಷ್ಟು ಸಲೀಸಾದ ಕೆಲಸ ಅಲ್ಲ ಅದು.

ಇವುಗಳಲ್ಲಿ ಯಾವುದೂ ಹಳೆಯ ಕೀಲನ್ನು ಹೊಸದು ಮಾಡುವುದಿಲ್ಲ. ನನಗೆ ಇದು ಅರ್ಥವಾಗುವುದಕ್ಕೆ ಬಹಳ ದಿನ ಹಿಡಿಯಿತು. ಕಾರ್ಟಿಲೇಜ್‌ಗೆ ರಕ್ತನಾಳ ಇಲ್ಲ. ಚರ್ಮ, ಎಲುಬು ಕೂಡಿಕೊಂಡಂತೆ ಅದು ಕೂಡಿಕೊಳ್ಳುವುದಿಲ್ಲ. ಸವೆದ ಜಾಗದಲ್ಲಿ ಒರಟಾದ ನಾರಿನ ಪದರ ಬರಬಹುದು, ಮೊದಲಿನ ನುಣುಪು ಬರುವುದಿಲ್ಲ. ಚಕ್ಕೆ ಎದ್ದ ದಿನವೇ ಆ ಕೀಲಿನಲ್ಲಿ ಸಂಧಿವಾತ ಶುರುವಾಗಿರುತ್ತದೆ. ಆಪರೇಷನ್ ಮಾಡಿದರೂ, ಮಾಡದಿದ್ದರೂ ಅದು ನಿಧಾನವಾಗಿ ಮುಂದುವರಿಯುತ್ತದೆ. ಚಪ್ಪಲಿಯ ಕಲ್ಲು ತೆಗೆಯಬಹುದು, ಸವೆದ ಅಟ್ಟೆ ಹಾಗೇ ಇರುತ್ತದೆ.

ಹಾಗಿದ್ದರೆ ಯಾಕೆ ಮಾಡಿಸಬೇಕು? ತಜ್ಞರಲ್ಲೇ ಒಮ್ಮತ ಇಲ್ಲ. 2008ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆಯಲ್ಲಿ, ಕೀಲನ್ನು ಅಗಲಕ್ಕೆ ತೆರೆದು ಮಾಡುವ ಹಳೆಯ ಆಪರೇಷನ್‌ಗಿಂತಲೂ ಬರೀ ಔಷಧಿಗಿಂತಲೂ ಆರ್ತ್ರೋಸ್ಕೋಪಿ ಮೇಲು ಅಂತ ಬಂತು. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನ 20 ನಾಯಿಗಳ ನಡಿಗೆಯನ್ನು ಯಂತ್ರದಿಂದ ಅಳೆಯಿತು. ಕೆಲವಕ್ಕೆ ಆರ್ತ್ರೋಸ್ಕೋಪಿ, ಕೆಲವಕ್ಕೆ ಬರೀ ವಿಶ್ರಾಂತಿ, ಔಷಧಿ, ಹದವಾದ ವ್ಯಾಯಾಮ. ಕೊನೆಗೆ ಎರಡು ಗುಂಪಿನ ನಡುವೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಈ ಅಧ್ಯಯನದ ಇನ್ನೊಂದು ಮಾತು ನನಗೆ ಮುಖ್ಯ. ಆಪರೇಷನ್ ಆದ ನಾಯಿಗಳ ನಡಿಗೆ ನಾಲ್ಕನೇ ವಾರದ ಅಳತೆಯಲ್ಲಿ ತಾತ್ಕಾಲಿಕವಾಗಿ ಕೆಟ್ಟಿತ್ತು. ಆಮೇಲೆ ಸುಧಾರಿಸಿತು.

ನಾಲ್ಕನೇ ವಾರ! ನಾನು ನಿದ್ದೆಗೆಟ್ಟ ವಾರ ಅದೇ. ಇದನ್ನು ಓದಿದ ದಿನ ಅಮ್ಮನನ್ನು ಕೂರಿಸಿಕೊಂಡು ಎರಡು ಸಲ ಓದಿ ಹೇಳಿದೆ.

ಯಾಕೆ ಹೀಗಾಗುತ್ತದೆ? ಸಣ್ಣ ತೂತು ಅಂದರೂ ಕೀಲಿನೊಳಗೆ ಎಲುಬು ಕೆರೆದಿರುತ್ತಾರೆ, ಆ ಗಾಯ ಒಣಗಬೇಕು. ತಿಂಗಳುಗಟ್ಟಲೆ ಕಾಲು ಕದ್ದಿಟ್ಟಿದ್ದರಿಂದ ತೋಳಿನ ಸ್ನಾಯು ಬತ್ತಿರುತ್ತದೆ, ಮೇಲೆ ವಿಶ್ರಾಂತಿ ಬೇರೆ. ಮೊದಲ ವಾರಗಳ ನೋವಿನ ಔಷಧಿ ನಿಂತಿರುತ್ತದೆ. ಹೊಲಿಗೆ ಬಿಚ್ಚಿದ ಮೇಲೆ ನಮಗೆ ಧೈರ್ಯ ಬಂದು ಹಗ್ಗ ಸಡಿಲಿಸಿರುತ್ತೇವೆ. ನಮ್ಮ ಮನೆಯಲ್ಲಿ ಆದದ್ದೂ ಅದೇ. ಮೂರನೇ ವಾರದ ಕೊನೆಗೆ ಕಾಲಿಂಗ್ ಬೆಲ್ ಹೊಡೆಯಿತು, ಬೆಲ್ಲ ದಿವಾನದ ಮೇಲಿಂದ ನೇರ ನೆಲಕ್ಕೆ ಹಾರಿದ. ನುಣುಪು ನೆಲದಲ್ಲಿ ಎರಡೂ ಮುಂಗಾಲು ಅಗಲಕ್ಕೆ ಜಾರಿದವು. ನಾನು ಎರಡು ಮಾರು ದೂರದಲ್ಲಿದ್ದೆ. ಹಿಡಿಯಲು ಆಗಲಿಲ್ಲ.

ಆ ಸಂಜೆಯೇ ಮನೆಯಲ್ಲಿದ್ದ ಜಮಖಾನ, ಯೋಗ ಮ್ಯಾಟ್, ತೆಂಗಿನ ನಾರಿನ ಚಾಪೆ ಎಲ್ಲ ಹೊರಬಂದವು. ಹಜಾರದಿಂದ ಅಡುಗೆಮನೆಗೆ, ಅಲ್ಲಿಂದ ಹಿತ್ತಿಲಿಗೆ ಒಂದು ದಾರಿಯಾಯಿತು. ಅಂಚು ಮಡಚದ ಹಾಗೆ ಟೇಪ್ ಅಂಟಿಸಿದೆವು. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್, ರೆಡ್ ಆಕ್ಸೈಡ್, ನಮ್ಮ ಮನೆಗಳ ನೆಲವೆಲ್ಲ ನಾಯಿಯ ಮೊಣಕೈಗೆ ಶತ್ರು. ಜಾರುವ ಕಾಲನ್ನು ಹಿಡಿದುಕೊಳ್ಳಲು ಅದು ಒಳಬದಿಗೆ ಜೋರಾಗಿ ಎಳೆದುಕೊಳ್ಳುತ್ತದೆ, ಭಾರ ಬೀಳುವುದು ನೋಯುವ ಜಾಗದ ಮೇಲೇ. ದುಬಾರಿ ಔಷಧಿ ತರುವ ಮೊದಲು ನಾಲ್ಕು ಚಾಪೆ ಹಾಸಿ.

ಆಪರೇಷನ್ ಆದ ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಪ್ಯಾಕನ್ನು ಹತ್ತು ಹದಿನೈದು ನಿಮಿಷ ಇಡಲು ಹೇಳಿದ್ದರು. ಗಾಯ ನೆಕ್ಕದ ಹಾಗೆ ಕೊರಳಿಗೆ ಪ್ಲಾಸ್ಟಿಕ್ ಕೋನ್. ಆರು ವಾರ ಓಟ, ನೆಗೆತ, ಮೆಟ್ಟಿಲು ಯಾವುದೂ ಇಲ್ಲ. ಎಲುಬು ಕತ್ತರಿಸಿದ ಆಪರೇಷನ್ ಆಗಿದ್ದರೆ ಎಕ್ಸ್-ರೇಯಲ್ಲಿ ಎಲುಬು ಕೂಡಿದೆ ಅಂತ ಕಾಣುವವರೆಗೆ ಕಾಯಬೇಕು, ಸಾಮಾನ್ಯವಾಗಿ ಆರೆಂಟು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ. ಆದರೆ ವಿಶ್ರಾಂತಿ ಅಂದರೆ ಅಲುಗಾಡದೆ ಮಲಗುವುದಲ್ಲ. ಕೀಲಿಗೆ ಆಹಾರ ತಲುಪುವುದು ಅದರೊಳಗಿನ ದ್ರವದಿಂದ, ಆ ದ್ರವ ಹರಿದಾಡುವುದು ಕೀಲು ಆಡಿದಾಗ. ಹಗ್ಗ ಹಿಡಿದು ಐದು ನಿಮಿಷದ ನಿಧಾನ ನಡಿಗೆ, ದಿನಕ್ಕೆ ಮೂರು ಸಲ. ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚು. ವಾರವೆಲ್ಲ ಮನೆಯಲ್ಲಿ ಕೂಡಿಹಾಕಿ ಭಾನುವಾರ ಒಂದು ಗಂಟೆ ಆಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು.

ಆರೋಗ್ಯವಾಗಿರುವ ಲ್ಯಾಬ್ರಡಾರ್‌ನ ಮೊಣಕೈ ಪೂರ್ತಿ ಮಡಚಿದಾಗ ಸುಮಾರು 36 ಡಿಗ್ರಿ, ಚಾಚಿದಾಗ ಸುಮಾರು 165 ಡಿಗ್ರಿ. ಬೆಲ್ಲನದು ಆಪರೇಷನ್ ಹೊತ್ತಿಗೆ ಪೂರ್ತಿ ಮಡಚುತ್ತಲೇ ಇರಲಿಲ್ಲ. ಫಿಸಿಯೋಥೆರಪಿ ಹೇಳಿಕೊಟ್ಟವರು ನನ್ನ ಕೈ ಹಿಡಿದು ತೋರಿಸಿದರು: ಅವನು ಪಕ್ಕಕ್ಕೆ ಮಲಗಿದಾಗ ಒಂದು ಕೈ ಮೊಣಕೈ ಕೆಳಗೆ, ಇನ್ನೊಂದು ಮಣಿಕಟ್ಟಿನ ಹತ್ತಿರ. ಮೆಲ್ಲಗೆ ಮಡಚು, ಅವನು ತಿರುಗಿ ನೋಡಿದ ಕೂಡಲೇ ನಿಲ್ಲಿಸು. ಆ ತಿರುಗಿ ನೋಡುವುದೇ ಅವನ ಮಾತು. ಅದಕ್ಕಿಂತ ಮುಂದೆ ಒತ್ತಬಾರದು.

ನೀರಿನೊಳಗಿನ ಟ್ರೆಡ್‌ಮಿಲ್ ಸಿಗುವ ಕಡೆ ಅದು ತುಂಬಾ ಒಳ್ಳೆಯದು. ನೀರು ಹಿಂಗಾಲಿನ ಪಾದದ ಗಂಟಿನವರೆಗೆ ಇದ್ದರೆ ನಾಯಿಯ ಕಾಲುಗಳು ಹೊರುವುದು ತೂಕದ 91%. ಹಿಂಗಾಲಿನ ಮಂಡಿಯವರೆಗೆ ಇದ್ದರೆ 85%. ಸೊಂಟದವರೆಗೆ ಬಂದರೆ ಬರೀ 38%. ಭಾರ ಬೀಳದೆ ಸ್ನಾಯು ಬೆಳೆಸಬಹುದು ಅಂದರೆ ಇದೇ. ಗಾಯ ಒಣಗುವ ಮೊದಲು ಮಾತ್ರ ನೀರಿಗಿಳಿಸಬಾರದು.

ನಾಲ್ಕನೇ ವಾರದ ಕುಂಟು ಹೆದರಬೇಕಾದ್ದಲ್ಲ ಅಂದೆ. ಹಾಗಂತ ಎಲ್ಲ ಕುಂಟೂ ಹಾಗಲ್ಲ. ದಿನದಿಂದ ದಿನಕ್ಕೆ ಸುಧಾರಿಸುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಕಾಲನ್ನು ಊರುವುದೇ ಬಿಟ್ಟರೆ, ಕೀಲು ಬಿಸಿಯಾಗಿ ಊದಿಕೊಂಡರೆ, ಹೊಲಿಗೆಯಲ್ಲಿ ಕೀವು ಬಂದರೆ, ಜ್ವರ ಬಂದು ಊಟ ಬಿಟ್ಟರೆ, ಅದೇ ದಿನ ಡಾಕ್ಟರ ಹತ್ತಿರ ಓಡಬೇಕು. ಕೀಲಿನೊಳಗೆ ಸೋಂಕು ಸೇರಿದರೆ ದಿನಗಳಲ್ಲೇ ಹಾಳು ಮಾಡುತ್ತದೆ. ಪ್ಲೇಟ್, ಸ್ಕ್ರೂ ಹಾಕಿದ್ದರೆ ಅದು ಸಡಿಲವಾಗಿರಬಹುದು. ಮೂರು ತಿಂಗಳಾದರೂ ಮೊದಲಿದ್ದಷ್ಟೇ ಕುಂಟುತ್ತಿದ್ದರೆ ಒಳಬದಿಯ ಕಾರ್ಟಿಲೇಜ್ ಪೂರಾ ಸವೆದು ಎಲುಬಿಗೆ ಎಲುಬು ಉಜ್ಜುತ್ತಿರಬಹುದು. ಇನ್ನೊಂದು ಸಾಧ್ಯತೆಯನ್ನು ಜನ ಮರೆಯುತ್ತಾರೆ. ಆಪರೇಷನ್ ಆದ ಕಾಲು ಸರಿಯಾದ ಮೇಲೆ ಇನ್ನೊಂದು ಕಾಲಿನ ನೋವು ಹೊರಗೆ ಬರುತ್ತದೆ. ಈ ಕಾಯಿಲೆ ಎಷ್ಟೋ ನಾಯಿಗಳಲ್ಲಿ ಎರಡೂ ಕಡೆ ಇರುತ್ತದೆ. ಎಡಗಾಲು ಜೋರಾಗಿ ನೋಯುವಾಗ ಬಲಗಾಲಿನದು ಕೇಳಿಸಿರುವುದಿಲ್ಲ, ಅಷ್ಟೆ. ಹಾಗಾಗಿ "ಇನ್ನೂ ಕುಂಟ್ತಿದ್ದಾನೆ" ಅನ್ನುವ ಮೊದಲು ಯಾವ ಕಾಲು ಅಂತ ನೋಡಿ.

ನಮ್ಮ ಕಣ್ಣನ್ನು ಎಷ್ಟು ನಂಬಬಹುದು? 2012ರಲ್ಲಿ ಅಮೆರಿಕದ ಮೈಕಲ್ ಕಾನ್‌ಜೆಮಿಯಸ್ ಮತ್ತು ರಿಚರ್ಡ್ ಇವಾನ್ಸ್ ಒಂದು ಅಧ್ಯಯನ ಪ್ರಕಟಿಸಿದರು. ಸಂಧಿವಾತದಿಂದ ಕುಂಟುವ 58 ನಾಯಿಗಳು. ಅವಕ್ಕೆ ಕೊಟ್ಟದ್ದು ಔಷಧಿಯೇ ಇಲ್ಲದ ಹುಸಿ ಗುಳಿಗೆ. ಒಂದೊಂದು ಕಾಲು ನೆಲವನ್ನು ಎಷ್ಟು ಒತ್ತುತ್ತದೆ ಅಂತ ಅಳೆಯುವ ಫೋರ್ಸ್ ಪ್ಲೇಟ್ ಮೇಲೆ ಅವನ್ನು ನಡೆಸಿದರು. ಯಂತ್ರ ಸುಧಾರಣೆ ಇಲ್ಲ ಅಂದರೂ "ಸುಧಾರಿಸಿದೆ" ಅಂತ ಮನೆಯವರು ಹೇಳಿದ್ದು ಸುಮಾರು 40% ಸಲ. ಪಶುವೈದ್ಯರು ಕೂಡ ಸುಮಾರು 45% ಸಲ ಹಾಗೇ ಹೇಳಿದರು. ಯಾರೂ ಸುಳ್ಳು ಹೇಳಿದ್ದಲ್ಲ. ದುಡ್ಡು ಖರ್ಚು ಮಾಡಿ, ಪ್ರೀತಿಯಿಂದ ಕಾದು ಕುಳಿತವರ ಕಣ್ಣಿಗೆ ಹಾಗೆ ಕಾಣುತ್ತದೆ. ಹೆದರಿದವರ ಕಣ್ಣಿಗೆ ಉಲ್ಟಾ ಕಾಣುತ್ತದೆ, ನನ್ನ ಹಾಗೆ.

ಅದಕ್ಕೇ ನಾನು ವಿಡಿಯೋ ಶುರು ಮಾಡಿದೆ. ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ, ಅದೇ ಬೀದಿ, ಅದೇ ಹಗ್ಗ, ಎದುರಿನಿಂದ ಒಂದು, ಪಕ್ಕದಿಂದ ಒಂದು. ಎದ್ದ ಮೇಲೆ ಎಷ್ಟು ಹೆಜ್ಜೆ ಕುಂಟಿದ, ಹಿಂದಿನ ದಿನ ಎಷ್ಟು ನಡೆದಿದ್ದ ಅಂತ ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟೆ. ಐದನೇ ವಾರಕ್ಕೂ ಹತ್ತನೇ ವಾರಕ್ಕೂ ವ್ಯತ್ಯಾಸ ದಿನದಿನ ನೋಡುವಾಗ ಗೊತ್ತಾಗಿರಲಿಲ್ಲ. ವಿಡಿಯೋ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ತಲೆಯಾಟ ಅರ್ಧಕ್ಕಿಳಿದಿತ್ತು.

ತೂಕದ ವಿಷಯಕ್ಕೆ ಬರುತ್ತೇನೆ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಆಪರೇಷನ್ ಡಾಕ್ಟರ ಕೈಯಲ್ಲಿ, ತೂಕ ನಮ್ಮ ಕೈಯಲ್ಲಿ. 2010ರಲ್ಲಿ ಬಂದ ಒಂದು ಅಧ್ಯಯನದಲ್ಲಿ ದಪ್ಪಗಿದ್ದು ಸಂಧಿವಾತದಿಂದ ಕುಂಟುತ್ತಿದ್ದ ನಾಯಿಗಳು ಮೈತೂಕದ 6% ಇಳಿಸಿಕೊಂಡಾಗಲೇ ಕುಂಟು ಗಮನಾರ್ಹವಾಗಿ ಕಡಿಮೆಯಾಯಿತು. 35 ಕಿಲೋ ನಾಯಿಗೆ 6% ಅಂದರೆ ಎರಡು ಕಿಲೋ ಚಿಲ್ಲರೆ. ಅಮೆರಿಕದಲ್ಲಿ ನಡೆದ, 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ನೋಡಿಕೊಂಡಿತು. ಒಡಹುಟ್ಟಿದವುಗಳ ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ 25% ಕಡಿಮೆ ಊಟ. ಕಡಿಮೆ ತಿಂದ ಗುಂಪಿನ ಸರಾಸರಿ ಆಯಸ್ಸು 13 ವರ್ಷ, ಇನ್ನೊಂದರದು 11.2. ಅರ್ಧದಷ್ಟು ನಾಯಿಗಳಿಗೆ ಸಂಧಿವಾತಕ್ಕೆ ನಿತ್ಯ ಔಷಧಿ ಬೇಕಾದ ವಯಸ್ಸು ಹೊಟ್ಟೆತುಂಬ ತಿಂದ ಗುಂಪಿನಲ್ಲಿ 10.3, ತೆಳ್ಳಗಿದ್ದ ಗುಂಪಿನಲ್ಲಿ 13.3. ಮೂರು ವರ್ಷ! ಇಷ್ಟು ಕೊಡುವ ಗುಳಿಗೆ ಯಾವ ಅಂಗಡಿಯಲ್ಲೂ ಇಲ್ಲ.

ಲ್ಯಾಬ್ರಡಾರ್ ಮಾತ್ರ ಯಾವಾಗಲೂ ಹಸಿದ ಮುಖ ಮಾಡಿಕೊಂಡೇ ಇರುತ್ತದೆ. ಅದು ನಾಟಕ ಅಲ್ಲ. 2016ರಲ್ಲಿ ಕೇಂಬ್ರಿಜ್‌ನ ಎಲೀನರ್ ರಾಫನ್ ತಂಡ ಪತ್ತೆ ಮಾಡಿದ್ದೇನೆಂದರೆ, ಸುಮಾರು ಕಾಲುಭಾಗ ಲ್ಯಾಬ್ರಡಾರ್‌ಗಳಲ್ಲಿ ಪಿಒಎಂಸಿ ಎಂಬ ಜೀನಿನ ಒಂದು ತುಣುಕು ಕಾಣೆಯಾಗಿದೆ. ಹೊಟ್ಟೆ ತುಂಬಿತು ಅಂತ ಮಿದುಳಿಗೆ ಹೇಳುವ ದಾರಿ ಅದರಿಂದ ಕೆಟ್ಟಿರುತ್ತದೆ. ನಿಜವಾಗಿಯೂ ಹಸಿವೆ ಆಗುತ್ತಿರುತ್ತದೆ, ಪಾಪ. ಅಮ್ಮ ಬೆಲ್ಲನಿಗೆ ಮಧ್ಯಾಹ್ನ ಒಂದು ರಾಗಿಮುದ್ದೆ, ಸಂಜೆ ನಾವು ಕಾಫಿ ಕುಡಿಯುವಾಗ ಎರಡು ಬಿಸ್ಕೆಟ್, ರಾತ್ರಿ ತುಪ್ಪದ ಪಾತ್ರೆ ಒರೆಸಿದ ಒಂದು ಚಪಾತಿ ಕೊಡುತ್ತಿದ್ದರು. ಇದೆಲ್ಲ ಅವನ ಲೆಕ್ಕದ ಊಟದ ಮೇಲೆ. ಅದನ್ನು ನಿಲ್ಲಿಸುವುದು ಅಮ್ಮನಿಗೆ ಆಪರೇಷನ್‌ಗಿಂತ ಕಷ್ಟವಾಯಿತು. ಈಗ ಬಿಸ್ಕೆಟ್ ಬದಲು ಸೌತೆಕಾಯಿ ಚೂರು, ಹುರುಳಿಕಾಯಿ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಯಾಡಿಸಿದರೆ ಒಂದೊಂದಾಗಿ ಸಿಗಬೇಕು. ಅದೇ ಅಳತೆ.

ನೋವಿನ ಔಷಧಿಯ ಬಗ್ಗೆ ಒಂದು ಎಚ್ಚರಿಕೆ. ಮನೆಯಲ್ಲಿರುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಯಾವುದನ್ನೂ ನೀವಾಗಿಯೇ ನಾಯಿಗೆ ಕೊಡಬೇಡಿ. ಹೊಟ್ಟೆ ಹುಣ್ಣು, ಕಿಡ್ನಿ, ಲಿವರ್ ಕೆಡುವುದು ಎಲ್ಲ ಆಗಬಹುದು, ಪ್ರಾಣ ಹೋದದ್ದೂ ಇದೆ. ನಾಯಿಗೆ ಅಂತಲೇ ಇರುವ ಮೆಲಾಕ್ಸಿಕ್ಯಾಮ್, ಕಾರ್‌ಪ್ರೊಫೆನ್ ಮುಂತಾದವನ್ನು ಪಶುವೈದ್ಯರು ತೂಕ ನೋಡಿ ಬರೆದುಕೊಡುತ್ತಾರೆ. ಬೆಲ್ಲನ ಸಿರಪ್ ಬಾಟಲಿ ಮೇಲೆ ಮೆಲಾಕ್ಸಿಕ್ಯಾಮ್ ಅಂತ ಓದಿದಾಗ ನನಗೆ ರಣಹದ್ದುಗಳು ನೆನಪಾದವು. ಜಾನುವಾರುಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಕಿಡ್ನಿ ಕೆಡಿಸಿ ಅವು ನಾಶದ ಅಂಚಿಗೆ ಬಂದವು. ಭಾರತ 2006ರಲ್ಲಿ ಪಶುಚಿಕಿತ್ಸೆಗೆ ಅದನ್ನು ನಿಷೇಧಿಸಿತು. ಹದ್ದುಗಳಿಗೆ ಅಪಾಯವಿಲ್ಲ ಅಂತ ಪರೀಕ್ಷೆ ಮಾಡಿ ಅದರ ಬದಲಿಗೆ ಸೂಚಿಸಿದ್ದು ಇದೇ ಮೆಲಾಕ್ಸಿಕ್ಯಾಮ್. ಬೆಂಗಳೂರಿಗೆ ಚೆಕಪ್‌ಗೆ ಹೋಗುವಾಗ ದಾರಿಯಲ್ಲಿ ರಾಮನಗರದ ರಾಮದೇವರ ಬೆಟ್ಟ, ರಣಹದ್ದುಗಳ ಧಾಮ. ಪ್ರತಿ ಸಲ ಅಲ್ಲಿ ಕಿಟಕಿಯಿಂದ ಒಮ್ಮೆ ಮೇಲೆ ನೋಡುತ್ತೇನೆ.

ಮರಿ ತರುವವರಿಗೆ ಎರಡೇ ಮಾತು. ದೊಡ್ಡ ಜಾತಿಯ ಮರಿಗೆ ಒಳ್ಳೆಯ ಪಪ್ಪಿ ಫುಡ್ ಹಾಕುತ್ತಿದ್ದರೆ ಮೇಲೆ ಕ್ಯಾಲ್ಸಿಯಂ ಸಿರಪ್ ಬೇಡ. ನೆದರ್‌ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಹರ್ಮನ್ ಹಾಜೆವಿಂಕೆಲ್ 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ ಮಾಡಿದ ಕೆಲಸದಲ್ಲಿ, ಕ್ಯಾಲ್ಸಿಯಂ ಅತಿಯಾದರೆ ಎಲುಬಿನ ಬೆಳವಣಿಗೆಯೇ ಅಡ್ಡಾದಿಡ್ಡಿಯಾಗುವುದು ಕಂಡಿತು. ಎರಡನೆಯದು, ಇದು ವಂಶದಿಂದ ಬರುವ ದೋಷ. ನಾವು ಮರಿ ಕೊಳ್ಳುವಾಗ ಜಾತಿಯ ಪೇಪರ್ ಇದೆಯಾ ಅಂತ ಕೇಳುತ್ತೇವೆ. ತಾಯಿತಂದೆಯ ಮೊಣಕೈ ಎಕ್ಸ್-ರೇ ಇದೆಯಾ ಅಂತ ಕೇಳುವುದಿಲ್ಲ. 1989ರಲ್ಲಿ ಶುರುವಾದ ಅಂತಾರಾಷ್ಟ್ರೀಯ ಎಲ್ಬೋ ವರ್ಕಿಂಗ್ ಗ್ರೂಪ್ ಇದಕ್ಕೆ 0ಯಿಂದ 3ರವರೆಗೆ ದರ್ಜೆ ಮಾಡಿದೆ. ಕೀಲಿನ ಅಂಚಿನಲ್ಲಿ ಬೆಳೆದ ಎಲುಬಿನ ಮುಳ್ಳು 2 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ 1, 5 ದಾಟಿದರೆ 3. ಇನ್ನು ಮುಂದೆ ನಾವೆಲ್ಲ ಕೇಳಲು ಶುರು ಮಾಡಿದರೆ ಮಾರುವವರೂ ತೆಗೆಸುತ್ತಾರೆ.

ಬೆಲ್ಲನಿಗೆ ಈಗ ಐದು ವರ್ಷ. ಆಪರೇಷನ್ ಆಗಿ ಒಂದು ವರ್ಷಕ್ಕೆ ತೆಗೆದ ಎಕ್ಸ್-ರೇಯಲ್ಲಿ ಆ ಮುಳ್ಳುಗಳು ಮೊದಲಿಗಿಂತ ದೊಡ್ಡದಾಗಿದ್ದವು. ಅವನು ಮಾತ್ರ ಮೊದಲಿಗಿಂತ ಚೆನ್ನಾಗಿ ನಡೆಯುತ್ತಿದ್ದ. ಎಕ್ಸ್-ರೇ ಒಂದು ಹೇಳಿದರೆ ನಾಯಿ ಇನ್ನೊಂದು ಹೇಳುವುದು ಈ ಕಾಯಿಲೆಯಲ್ಲಿ ಮಾಮೂಲು ಅಂತೆ. ಡಾಕ್ಟರು ಅವನ ಎದುರು ಕೂತು ಕಾಲು ಮಡಚಿ ನೋಡಿ, "ನಾವು ಫಿಲ್ಮ್‌ಗೆ ಔಷಧಿ ಕೊಡೋದಿಲ್ಲ, ಇವನಿಗೆ ಕೊಡ್ತೀವಿ" ಅಂದರು. ಚೆಂಡು ಎಸೆಯುವ ಆಟ ನಿಂತಿದೆ. ಬೆಟ್ಟದ ಮೆಟ್ಟಿಲಿಲ್ಲ. ಹೊತ್ತಿಗೆ ಸರಿಯಾಗಿ ಎರಡು ನಡಿಗೆ, ಚಳಿಗಾಲದಲ್ಲಿ ಕೆಲವು ವಾರ ಔಷಧಿ, 29 ಕಿಲೋ ತೂಕ.

ಚಾಪೆಗಳು ಇನ್ನೂ ಇವೆ. ಹಾಗಾಗಿ ಮನೆಯಲ್ಲಿ ಈಗ ಉಗುರಿನ ಸದ್ದು ಕೇಳುವುದಿಲ್ಲ. ಹಿತ್ತಿಲ ಬಾಗಿಲ ಹತ್ತಿರ, ಕೊನೆಯ ಚಾಪೆ ಮುಗಿದು ಹೊಸ್ತಿಲು ಬರುವ ಮೊದಲು, ಒಂದೂವರೆ ಮಾರು ಕೆಂಪು ನೆಲ ಖಾಲಿ ಬಿಟ್ಟಿದ್ದೇವೆ. ಬೆಳಿಗ್ಗೆ ಅವನು ಎದ್ದು ಹೊರಟಾಗ ಅಮ್ಮ ಒಲೆ ಸಣ್ಣ ಮಾಡಿ ಅಲ್ಲಿಗೆ ಕಿವಿ ಕೊಡುತ್ತಾರೆ. ಇವತ್ತು ಮಂಜು ಬಿದ್ದಿತ್ತು. ಟಪ್, ಟಕ್, ಟಕ್, ಟಕ್. ಪುಸ್ತಕ ತೆಗೆದು ಇವತ್ತಿನ ತಾರೀಖು ಹಾಕಿ ಬರೆದುಕೊಂಡೆ. ಹಿತ್ತಿಲಲ್ಲಿ ಒಂದು ಸುತ್ತು ಹಾಕಿ ವಾಪಸ್ ಬರುವಾಗ ನಾಲ್ಕೂ ಟಕ್ ಇತ್ತು. ಅದನ್ನೂ ಬರೆದೆ.